ತೆರೆಯ ಆಚೆ ಬದಿಯ ಗಂಗುಲಮ್ಮ

ಬೆಳಗಿನ ಐದೂವರೆ. ಶಿಡ್ಲಘಟ್ಟದ ಒಂದು ಹಿಂದಿನ ಬೀದಿಯ ತಗಡು ಶೆಡ್ಡಿನಲ್ಲಿ ಬಾಯ್ಲರ್ ಆಗಲೇ ಬುಸುಗುಡುತ್ತಿದೆ. ಬೇಯುವ ರೇಷ್ಮೆಗೂಡಿನ ವಾಸನೆ ಬೀದಿಯ ತಿರುವಿನಲ್ಲೇ ಎದುರಾಗುತ್ತದೆ. ಹೊಸಬರು ಮೂಗಿಗೆ ಸೆರಗು ಒತ್ತುತ್ತಾರೆ, ಊರಿನವರಿಗೆ ಅದು ವಾಸನೆಯೇ ಅಲ್ಲ. ಹಬೆಯೊಳಗೆ ಸಾಲಾಗಿ ಬೇಸಿನ್‌ಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಗೋಡೆಗೆ ಹತ್ತಿದ ಕೊನೆಯ ಬೇಸಿನ್ನು ಗಂಗುಲಮ್ಮನವರದು. ನಮ್ಮ ನಿಮ್ಮ ಕೈಯಾದರೆ ಬೊಬ್ಬೆ ಏಳುವಂಥ ನೀರಿಗೆ ಅವರು ಯೋಚಿಸದೆ ಬೆರಳು ಇಳಿಸುತ್ತಾರೆ. ತೇಲುವ ಗೂಡುಗಳ ನೆತ್ತಿ ಸವರಿ, ಕಣ್ಣಿಗೆ ಕಾಣದ ಎಳೆಗಳನ್ನು ಎತ್ತಿ, ಎಂಟು ಹತ್ತನ್ನು ಒಂದಾಗಿ ಹೊಸೆದು ರಾಟೆಗೆ ಹಚ್ಚುತ್ತಾರೆ. ರಾಟೆ ತಿರುಗುತ್ತದೆ. ಗಂಗುಲಮ್ಮ ಗಂಟಲು ಸರಿಮಾಡಿಕೊಳ್ಳುತ್ತಾರೆ.

“ಎಲ್ಲಿಗೆ ನಿಲ್ಸಿದ್ದೆ?”

“ದೊರೆ ಬಾಗ್ಲ ಮುಂದೆ ನಿಂತವ್ನೆ ಅಕ್ಕಯ್ಯ,” ಎನ್ನುತ್ತಾರೆ ಪಕ್ಕದ ಬೇಸಿನ್ನಿನ ಶ್ಯಾಮಲಮ್ಮ, ತಲೆ ಎತ್ತದೆ.

“ಹ್ಞಾ. ನಿಂತವ್ನೆ. ಮೇಲೆ ಕರೀ ನಿಲುವಂಗಿ, ಒಳಗೆ ಕೆಂಪು. ಹೆಗಲ ಮ್ಯಾಲೆ ಬಾವ್ಲಿ ರೆಕ್ಕೆ ಮಡಚಿಟ್ಟಂಗೆ. ಬಾಗ್ಲು ತೆರೆದೇ ಐತೆ. ಆದ್ರೂ ಒಳಕ್ಕೆ ಬರಂಗಿಲ್ಲ. ಯಾಕೆ?”

“ಕರೀಬೇಕು!” ಇಡೀ ಸಾಲು ಒಟ್ಟಿಗೆ ಹೇಳುತ್ತದೆ.

ಇದು ರಕ್ತ ಕುಡಿಯುವ ದೊರೆಯ ಕಥೆ. ಎಲ್ಲೋ ಇಂಗ್ಲೆಂಡಿನಲ್ಲಿ ತೆಗೆದ, ಹಳೆಯ, ಹೆದರಿಸುವ ಸಿನಿಮಾ. ಹಗಲೆಲ್ಲ ಶವಪೆಟ್ಟಿಗೆಯಲ್ಲಿ ಮಲಗಿ, ಹೊತ್ತು ಮುಳುಗಿದ ಮೇಲೆ ಎದ್ದು ಹೆಣ್ಣುಮಕ್ಕಳ ಕತ್ತಿಗೆ ಬಾಯಿ ಹಾಕುವ ಸಿರಿವಂತನೊಬ್ಬನ ಕಥೆ. ಆ ಸಿನಿಮಾದ ಹೆಸರು ಗಂಗುಲಮ್ಮನವರ ನಾಲಗೆಗೆ ಇವತ್ತಿಗೂ ಹೊರಳುವುದಿಲ್ಲ. ಅವರು ಅದನ್ನು ನೋಡಿದ್ದು ಒಂದೇ ಸಲ, ಹತ್ತು ಹನ್ನೊಂದರ ವಯಸ್ಸಿನಲ್ಲಿ. ಈಗ ವಯಸ್ಸು ಅರವತ್ತರ ಹತ್ತಿರ. ಶೆಡ್ಡಿಗೆ ಸೇರಿದಂದಿನಿಂದ ಈ ಬೇಸಿನ್ನುಗಳ ಮುಂದೆ ಆ ಒಂದೇ ಸಿನಿಮಾವನ್ನು ಬಿಚ್ಚಿ ಬಿಚ್ಚಿ ಹೇಳುತ್ತ ಬಂದಿದ್ದಾರೆ. ಕೇಳಿದವರು ಅದನ್ನು ಕಣ್ಣಾರೆ ಕಂಡಷ್ಟೇ ನಂಬಿದ್ದಾರೆ. ಕಳೆದ ಭಾನುವಾರ ಈ ನಂಬಿಕೆಗೇ ಕುತ್ತು ಬಂದಿತ್ತು. ಅದಕ್ಕೆ ಮೊದಲು ಗಂಗುಲಮ್ಮನವರ ಕಥೆಯ ಕಟ್ಟುಪಾಡು ತಿಳಿಯಬೇಕು.

ಈ ಶೆಡ್ಡಿನಲ್ಲಿ ಕಥೆಗೊಂದು ನಿಯಮವಿದೆ. ಯಾರದೇ ಎಳೆ ತುಂಡಾದರೂ ಕಥೆ ಅಲ್ಲಿಗೇ ನಿಲ್ಲಬೇಕು. ಎಳೆ ಹುಡುಕಿ ರಾಟೆಗೆ ಹಚ್ಚಿದ ಮೇಲೆಯೇ ಮುಂದಕ್ಕೆ. ಹೀಗಾಗಿ ಎಳೆ ಕಡಿದುಕೊಂಡವಳಿಗೆ ಮೇಸ್ತ್ರಿಯ ಬೈಗುಳಕ್ಕಿಂತ ಮೊದಲು ಜೊತೆಯವರ ಬೈಗುಳ ಬೀಳುತ್ತದೆ. “ಥೂ ನಿನ್ನ, ಆ ಹುಡುಗಿ ಕತ್ತಿಗೆ ಇನ್ನೇನು ಬಾಯಿ ಹಾಕ್ತಿದ್ದ, ಈಗ್ಲೇ ಕಡೀಬೇಕಿತ್ತಾ ನಿನ್ ಎಳೆ? ಬೇಗ ಹುಡ್ಕೇ, ಅವ್ನು ಬಾಯಿ ತೆಕ್ಕೊಂಡೇ ನಿಂತವ್ನೆ!” ನಗು ಹಬೆಯ ಹಾಗೆ ತಗಡಿಗೆ ಹೋಗಿ ತಾಗುತ್ತದೆ.

ಕಥೆ ಕೂಡ ಕೇಳುವವರ ಕಸುಬಿಗೆ ಹೊಂದಿಕೊಂಡಿದೆ. ದೊರೆ ಹಗಲು ಪೆಟ್ಟಿಗೆಯಲ್ಲಿ ಮಲಗುತ್ತಾನೆ ಎಂದರೆ ಈ ಹೆಂಗಸರಿಗೆ ವಿವರಣೆ ಬೇಕಿಲ್ಲ. “ಗೂಡೊಳಗಿನ ಹುಳ ಕಣ್ರೇ,” ಎನ್ನುತ್ತಾರೆ ಗಂಗುಲಮ್ಮ. “ಸತ್ತಂಗೆ ಮಲಗಿರ್ತದೆ, ಸತ್ತಿರಲ್ಲ. ಎದ್ದು ಗೂಡು ತೂತು ಮಾಡ್ಕೊಂಡು ಬಂತೋ, ನೂಲೆಲ್ಲ ಹೋಯ್ತು. ಏಳೋದ್ರೊಳಗೆ ಬೇಯಿಸ್ಬೇಕು. ಇವ್ನಿಗೂ ಅಷ್ಟೇ. ಹೊತ್ತು ಮುಳುಗೋದ್ರೊಳಗೆ ಇವ್ನ ಪೆಟ್ಟಿಗೆ ಹುಡುಕ್ಬೇಕು.” ಕೊನೆಗೆ ಆ ಬಂಗಲೆಯ ಕೆಲಸದವಳು ಅವನು ಹೊರಗೆ ಹೋದಾಗ ಪೆಟ್ಟಿಗೆಗೆ ಬೀಗ ಜಡಿಯುತ್ತಾಳೆ. ಬೆಳಗಿನ ಜಾವ ಮರಳಿ ಬಂದವನಿಗೆ ಮಲಗಲು ಜಾಗವಿಲ್ಲ. ಅಂಗಳದಲ್ಲಿ ಬಿಸಿಲಿಗೆ ಸಿಕ್ಕಿ ಬೂದಿಯಾಗುತ್ತಾನೆ. ಆ ಘಟ್ಟ ಬಂದ ದಿನ ಶೆಡ್ಡಿನಲ್ಲಿ ಒಂದು ಎಳೆಯೂ ಕಡಿಯುವುದಿಲ್ಲ ಎಂದು ಶ್ಯಾಮಲಮ್ಮ ಆಣೆ ಮಾಡಿ ಹೇಳುತ್ತಾರೆ.

ಇನ್ನೊಂದು ಮಾತು. ಈ ಕಥೆಯಲ್ಲಿ ದೊರೆ ತೆಲುಗಿನಲ್ಲಿ ಮಾತಾಡುತ್ತಾನೆ. ಬಾಗಿಲಲ್ಲಿ ನಿಂತು ಗತ್ತಿನಿಂದ “ಲೋಪಲಿಕಿ ರಾವಚ್ಚಾ?” ಎನ್ನುತ್ತಾನೆ, ಒಳಗೆ ಬರಬಹುದೇ ಎಂದು. ಕೆಲಸದವಳು ಕನ್ನಡದಲ್ಲಿ “ಬರಬ್ಯಾಡ ಹೋಗಯ್ಯಾ” ಎನ್ನುತ್ತಾಳೆ. ಇಂಗ್ಲಿಷ್ ಸಿನಿಮಾದಲ್ಲಿ ತೆಲುಗು ಎಲ್ಲಿಂದ ಬಂತು? ಗಂಗುಲಮ್ಮ ನಗುತ್ತಾರೆ. “ನಂಗೆ ಇಂಗ್ಲಿಷ್ ಏನ್ ಗೊತ್ತಪ್ಪ? ಅವನ ಮಖ ನೋಡ್ದೆ. ನಮ್ಮೂರ ಜೋಡಿದಾರ್ರ ಮನೆ ದೊಡ್ಡೋರು ಹಂಗೇ ನೋಡ್ತಿದ್ರು. ಅವ್ರು ಮನೇಲಿ ತೆಲುಗು ಆಡ್ತಿದ್ರು. ಇವನ ಬಾಯಿಗೂ ಅದೇ ಬಂತು.”

ಗಂಗುಲಮ್ಮ ಹುಟ್ಟಿದ್ದು ಸಾದಲಿ ಹೋಬಳಿಯ ಒಂದು ಹಳ್ಳಿಯ ಹೊಲಗೇರಿಯಲ್ಲಿ. ಇಡೀ ಊರನ್ನು ಒಂದು ಮನೆತನಕ್ಕೆ ಇನಾಮಾಗಿ ಬಿಟ್ಟುಕೊಡುವ ಜೋಡಿ ಗ್ರಾಮದ ಪದ್ಧತಿ ಕಾನೂನಿನಲ್ಲಿ ಯಾವತ್ತೋ ಸತ್ತಿತ್ತು. ಊರಿನಲ್ಲಿ ಅದು ಸತ್ತಿರಲಿಲ್ಲ, ಮಲಗಿತ್ತು ಅಷ್ಟೆ. ಜೋಡಿದಾರರ ಮನೆಯ ಬಣವೆ, ಜೋಡಿದಾರರ ಮನೆಯ ಕೊಟ್ಟಿಗೆ, ಜೋಡಿದಾರರ ಮನೆಯ ಹಿಪ್ಪುನೇರಳೆ ತೋಟ. ಕೇರಿಯ ಕೈಗಳೆಲ್ಲ ಅಲ್ಲೇ. ಕೇರಿಯವರು ಅವರ ಹೊಸ್ತಿಲು ತುಳಿಯುವಂತಿರಲಿಲ್ಲ, ಕೂಲಿಗೂ ಬಾಗಿಲಾಚೆ ಗಂಟೆಗಟ್ಟಲೆ ನಿಂತಿರಬೇಕಿತ್ತು. ಅವರ ಆಳುಗಳು, ಅವರ ಮಕ್ಕಳು ಕೇರಿಯ ಗುಡಿಸಲಿಗೆ ಯಾವಾಗ ಬೇಕಾದರೂ ತಟ್ಟಿ ತಳ್ಳಿಕೊಂಡು ಬರಬಹುದಿತ್ತು. ಕೆಲಸಕ್ಕೆ ಬಾರದ ಗಂಡಸನ್ನು ಚಾಪೆಯಿಂದ ಎಳೆದೊಯ್ಯಬಹುದಿತ್ತು. ಒಲೆಯ ಮೇಲಿನ ಮಡಕೆಯ ಮುಚ್ಚಳ ತೆಗೆದು ಒಳಗೇನಿದೆ ಎಂದು ನೋಡಬಹುದಿತ್ತು. ಇದನ್ನು ದೌರ್ಜನ್ಯ ಎಂದು ಊರು ಕರೆದದ್ದಿಲ್ಲ, ರೂಢಿ ಎಂದು ಕರೆಯುತ್ತಿತ್ತು.

ಒಂದು ಸುಗ್ಗಿಯ ನಂತರ ಜೋಡಿದಾರರ ಬಯಲಿನಲ್ಲಿ ಟೆಂಟ್ ಸಿನಿಮಾ ಬಂತು. ದೇವರ ಸಿನಿಮಾ ಎಂದು ತಮಟೆ ಹೊಡೆಸಿದ್ದರು. ಹೆಂಗಸರು ಮಿಂದು ಕುಂಕುಮ ಇಟ್ಟುಕೊಂಡು ಬಂದರು. ಒಬ್ಬ ಮುದುಕಿ ತೆರೆಗೆ ಆರತಿ ಎತ್ತಲು ತಟ್ಟೆಯನ್ನೇ ತಂದಿದ್ದಳು. ಸಂಜೆಯ ಮೊದಲನೇ ಆಟ ಶುರುವಾದಾಗ ಕಂಡದ್ದು ದೇವರಲ್ಲ, ಕಪ್ಪು ಕುದುರೆಗಳ ಗಾಡಿ ಮತ್ತು ಪಾಳು ಬಂಗಲೆ. ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದ ರೀಲಿನ ತಗಡಿನ ಡಬ್ಬಿ ಅದಲು ಬದಲಾಗಿತ್ತು. ಟೆಂಟಿನವನು ಕೈಮುಗಿದ. “ಇವತ್ತೊಂದಿನ ಇದನ್ನೇ ನೋಡ್ಬಿಡಿ, ನಾಳೆ ದೇವರನ್ನ ತರಿಸ್ತೀನಿ.” ಜನ ನೋಡಿದರು. ಆರತಿ ತಂದ ಮುದುಕಿ ಇವನೂ ಯಾವುದೋ ದೇವರಿರಬೇಕೆಂದು ದೊರೆಗೇ ಕರ್ಪೂರ ಬೆಳಗಿದಳಂತೆ.

“ಅವತ್ತು ಒಂದು ಮಜಾ ಆಯ್ತು,” ಎಂದು ಗಂಗುಲಮ್ಮ ಹೇಳುತ್ತಾರೆ. “ದೊರೆ ಬಾಗ್ಲಿಗೆ ಬಂದ. ನಿಂತ. ಯಾರಾದ್ರೂ ಬಾ ಅನ್ನೋವರ್ಗೂ ಕಾಲಿಡಂಗಿಲ್ಲ ಅಂತ ಗೊತ್ತಾಯ್ತು. ಜೋಡಿದಾರ್ರ ಮನೆಯೋರು, ಊರೋರು ಎಲ್ಲ ಉಸಿರು ಬಿಗಿಹಿಡ್ದು ಕೂತವ್ರೆ. ಹೆದ್ರಿಕೆ ಅವ್ರಿಗೆ. ನಮ್ ಕೇರಿಯೋರು ಕೂತಿದ್ ಕಡೆ ನಗು! ನಮ್ಮಪ್ಪಂತೂ ಹೊಟ್ಟೆ ಹಿಡ್ಕೊಂಡ. ‘ಇದೆಂಥಾ ದೆವ್ವನೋ, ಇಷ್ಟು ಮರ್ಯಾದಸ್ತ! ಕೇಳ್ಕೊಂಡು ಒಳಕ್ಕೆ ಬತ್ತಾನೆ! ನಮ್ ಜೋಡಿದಾರ್ರಿಗೆ ಇವನನ್ನ ತೋರ್ಸಿ ಬುದ್ಧಿ ಹೇಳ್ಬೇಕು’ ಅಂದ. ಮಾರ್ನೆ ದಿನ ಆ ನಗೂಗೆ ಏಟು ಬಿತ್ತು ಅನ್ನೋದು ಬೇರೆ ಮಾತು.”

ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಮೇಲೆ ಅವರ ಪಾಲಿಗೆ ಬಂದದ್ದು ಈ ಬೇಸಿನ್ನು. ಗಂಡ ಮುನಿಗಂಗಪ್ಪ ಗೂಡಿನ ಮಾರುಕಟ್ಟೆಯಲ್ಲಿ ಹಮಾಲಿ. ಒಬ್ಬಳೇ ಮಗಳು ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಾಳೆ. ದಿನಕ್ಕೆ ಹತ್ತು ಗಂಟೆ ಬಿಸಿನೀರು. ಈ ಊರಿನ ನೂಲಿನಿಂದ ಎಷ್ಟು ಮದುವೆಗಳ ಸೀರೆಗಳು ಮಿರುಗುತ್ತವೋ, ಅಷ್ಟೂ ಸೀರೆಗಳ ಮೊದಲ ಎಳೆಯನ್ನು ಇಂಥ ಹೆಂಗಸರ ಬೆಂದ ಬೆರಳು ಹುಡುಕಿಕೊಟ್ಟಿದೆ. ಸೀರೆಯ ಅಂಚಿನಲ್ಲಿ ನೇಕಾರನ ಊರಿನ ಹೆಸರಿರುತ್ತದೆ. ಈ ಬೆರಳಿನ ಗುರುತು ಎಲ್ಲಿಯೂ ಇಲ್ಲ.

ಇದು ಅಲಂಕಾರದ ಮಾತಲ್ಲ. ಗಂಗುಲಮ್ಮನವರ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿ, ಗೆರೆಗಳು ಸವೆದುಹೋಗಿವೆ. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಯಂತ್ರ ಇವರನ್ನು ಇಲ್ಲವೆನ್ನುತ್ತದೆ. ಒರೆಸಿ ಇಡು, ಒತ್ತಿ ಇಡು, ಇನ್ನೊಂದು ಬೆರಳು ಇಡು. ಹಿಂದೆ ನಿಂತ ಸಾಲು ಗೊಣಗುತ್ತದೆ. “ದೊರೆ ಕನ್ನಡಿ ಮುಂದೆ ನಿಂತ್ರೆ ಅವನ ಮಖ ಕಾಣಲ್ಲ, ಸಿನಿಮಾದಾಗೆ,” ಎನ್ನುತ್ತಾರೆ ಗಂಗುಲಮ್ಮ, ಕೈಗಳನ್ನು ಮಗುಚಿ ತೋರಿಸುತ್ತ. “ನಂದು ಮೆಷಿನ್ನಾಗೆ ಕಾಣಲ್ಲ. ಅವ್ನು ಬೇರೆಯೋರ ರಕ್ತ ಕುಡ್ದು ಹಂಗಾದ. ನಾನ್ ಏನ್ ಕುಡ್ದಿದ್ದೆ?”

ಶೆಡ್ಡಿಗೆ ಸೇರಿದ ಹೊಸದರಲ್ಲಿ ಅವರು ಕುಡಿಯುವ ನೀರನ್ನು ಮನೆಯಿಂದ ತರುತ್ತಿದ್ದರು. ಶೆಡ್ಡಿನ ಮಡಕೆ ಮುಟ್ಟಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಪಕ್ಕದ ಶ್ಯಾಮಲಮ್ಮ ಮಂಡಿಕಲ್ ಕಡೆಯ ಹೊಲಮನೆಯುಳ್ಳ ಮನೆತನದವರು. ಗಂಡ ತೀರಿಕೊಂಡ ಮೇಲೆ ಮೈದುನರು ಪಾಲು ಕೊಡದೆ ಹೊರಗೆ ಹಾಕಿದ್ದರಿಂದ ಇಲ್ಲಿಗೆ ಬಂದವರು. ಒಂದು ಬೆಳಿಗ್ಗೆ ದೊರೆಯನ್ನು ಬಾಗಿಲಲ್ಲಿ ನಿಲ್ಲಿಸಿದ್ದಾಗ ಗಂಗುಲಮ್ಮನವರ ಗಂಟಲು ಒಣಗಿ ಮಾತು ನಿಂತುಹೋಯಿತು. ತಂದ ನೀರು ಮುಗಿದಿತ್ತು. “ನಾನು ನನ್ ಲೋಟ ಕೊಟ್ಬಿಟ್ಟೆ,” ಎನ್ನುತ್ತಾರೆ ಶ್ಯಾಮಲಮ್ಮ. “ದೊಡ್ಡ ಮನಸ್ಸು ಗಿನಸ್ಸು ಏನೂ ಅಲ್ಲಮ್ಮ. ಆ ಮುಂಡೇಗಂಡ ಒಳಕ್ಕೆ ಬತ್ತಾನೋ ಇಲ್ವೋ ಅಂತ ತಿಳೀಬೇಕಿತ್ತು.” ಆ ಲೋಟ ಮತ್ತೆ ಬೇರೆಯಾಗಲಿಲ್ಲ. ಭಾಷಣಗಳು ಮಾಡದ ಕೆಲಸವನ್ನು ಒಂದು ದೆವ್ವದ ಕಥೆ ಮಾಡಿತ್ತು. ಆದ್ದರಿಂದಲೇ ಆ ಕಥೆಗೆ ಪೆಟ್ಟು ಬಿದ್ದರೆ ಯಾರಿಗೆ ಪೆಟ್ಟು ಎಂಬುದು ಗಂಗುಲಮ್ಮನವರಿಗೆ ಚೆನ್ನಾಗಿ ಗೊತ್ತಿತ್ತು.

ಪೆಟ್ಟು ಬಂದದ್ದು ತನುಜಳ ಕಡೆಯಿಂದ. ಇಪ್ಪತ್ತೆರಡರ ತನುಜ ಈ ಸಾಲಿನ ಹೊಸ ಕೈ, ಗಂಗುಲಮ್ಮನವರಿಗೆ ದೂರದ ಸಂಬಂಧದಲ್ಲಿ ತಂಗಿಯ ಮಗಳು. “ದೊಡ್ಡಮ್ಮ, ಆ ಸಿನಿಮಾ ನಿಜವಾಗ್ಲೂ ಐತಾ, ನೀನೇ ಕಟ್ಟಿದ್ದಾ?” ಎಂದು ಕೇಳಿದಳು. ಭಾನುವಾರಗಳಂದು ಅಂಬೇಡ್ಕರ್ ಭವನದಲ್ಲಿ ಸೇರುವ ಓದುಗರ ಬಳಗಕ್ಕೆ ಅವಳು ಹೋಗುತ್ತಾಳೆ. ಬಳಗ ನಡೆಸುವ ಮಧುಸೂದನ್, ಬ್ಯಾಂಕಿನಲ್ಲಿ ಗುಮಾಸ್ತರು, ಗಂಗುಲಮ್ಮನವರಿಂದ ಗುರುತುಗಳನ್ನು ಕೇಳಿಕೊಂಡರು. ಎರಡು ಕಪ್ಪು ಕುದುರೆ, ಅಂಗಳದ ಬಾವಿ, ಬೀಗ ಹಾಕಿದ ಪೆಟ್ಟಿಗೆ. ಹುಡುಕಿಯೇಬಿಟ್ಟರು. ಭಾನುವಾರ ಮಧ್ಯಾಹ್ನ ಭವನದಲ್ಲಿ ಪ್ರದರ್ಶನ, ಶೆಡ್ಡಿನವರೆಲ್ಲ ಬರಬೇಕು ಎಂದರು.

ಆ ವಾರವೆಲ್ಲ ಗಂಗುಲಮ್ಮ ಕಥೆ ಹೇಳಲಿಲ್ಲ. ಕೆಮ್ಮು ಎಂದರು. ಶ್ಯಾಮಲಮ್ಮನವರಿಗೆ ಮಾತ್ರ ನಿಜ ಹೇಳಿದರು. “ಚಿಕ್ಕ ಹುಡ್ಗಿ ಕಣ್ಣಲ್ಲಿ ನೋಡಿದ್ದು. ಎಲ್ಲಾದ್ರೂ ತಪ್ಪಿದ್ರೆ? ಇಷ್ಟು ವರ್ಷ ಸುಳ್ಳು ಹೇಳಿದ್ಳು ಅಂದ್ಬಿಟ್ರೆ? ನಮ್ಮಂಥೋರ ಹತ್ರ ಇರೋದೇ ಒಂದು ಮಾತು ಶ್ಯಾಮಲಮ್ಮ. ಅದೂ ಸುಳ್ಳು ಅಂತಾದ್ರೆ ಉಳಿಯೋದೇನು?”

ಭಾನುವಾರ ಭವನದ ಕಿಟಕಿಗಳಿಗೆ ಜಮಖಾನ ಹಾಕಿ ಕತ್ತಲು ಮಾಡಿದ್ದರು. ವೇದಿಕೆಯ ಮುಂದೆ ಹಗ್ಗ ಎಳೆದು ತೆಳ್ಳನೆಯ ಬಿಳಿ ಪಂಚೆಯೊಂದನ್ನು ಕಟ್ಟಿದ್ದರು. ಮುಂದಿನ ಸಾಲಿನ ನಡುವಿನ ಕುರ್ಚಿ ಗಂಗುಲಮ್ಮನವರಿಗೆ. ಕುದುರೆಗಾಡಿ ಬಂತು, ಪಾಳು ಬಂಗಲೆ ಬಂತು. ಹೆಂಗಸರು ಹಳೆಯ ನೆಂಟರನ್ನು ಕಂಡಂತೆ ಗುರುತು ಹಿಡಿದರು. “ಅಕಾ, ಬಾವಿ! ಅಕಾ, ಕೆಲಸದೋಳು!” ದೊರೆ ಬಾಯಿ ತೆರೆದಾಗ ಹಿಂದಿನಿಂದ ಯಾರೋ “ಅಯ್ಯೋ, ಇವನ್ಗೆ ತೆಲುಗೇ ಬರಲ್ಲ!” ಎಂದಳು. ಎಲ್ಲರೂ ನಕ್ಕರು, ಗಂಗುಲಮ್ಮನೂ ನಕ್ಕರು.

ಆಮೇಲೆ ದೊರೆ ಹುಡುಗಿಯ ಕತ್ತಿಗೆ ಬಾಗಿದ. ಬಲಗಡೆಗೆ.

ಶೆಡ್ಡಿನಲ್ಲಿ ಅವನು ಕಚ್ಚುವುದು ಎಡಗಡೆಗೆ. ಹೊಸ ಕೈಗಳಿಗೆ ಗಂಗುಲಮ್ಮ ಆ ಜಾಗವನ್ನು ತಮ್ಮ ಕತ್ತಿನ ಮೇಲೆ ಮುಟ್ಟಿ ತೋರಿಸಿಯೇ ಹೇಳಿಕೊಡುತ್ತಿದ್ದರು. ಬಾಗಿಲು ಎಡಕ್ಕಿರಬೇಕಿತ್ತು, ಬಲಕ್ಕಿತ್ತು. ಮೆಟ್ಟಿಲು ಬಲಕ್ಕಿರಬೇಕಿತ್ತು, ಎಡಕ್ಕಿತ್ತು. ಪಿಸುಮಾತು ಎದ್ದಿತು. ತನುಜ ತಡೆಯಲಾರದೆ, “ದೊಡ್ಡಮ್ಮ, ಎಲ್ಲ ಉಲ್ಟಾ ಹೇಳಿದ್ಯಲ್ಲ! ಕನಸಲ್ಲಿ ನೋಡಿದ್ಯಾ ಹೆಂಗೆ?” ಎಂದು ನಕ್ಕಳು. ಗಂಗುಲಮ್ಮ ತೆರೆಯನ್ನೇ ನೋಡುತ್ತಿದ್ದರು. ಕಂಡ ಮುಖಗಳೆಲ್ಲ ಸರಿ, ನಿಂತ ಕಡೆಗಳೆಲ್ಲ ತಪ್ಪು. ಸ್ವಲ್ಪ ಹೊತ್ತಿಗೆ ಸೆರಗು ಸಿಕ್ಕಿಸಿಕೊಂಡು ಎದ್ದರು. ಹೊರಟುಹೋಗುತ್ತಿದ್ದಾರೆ ಎಂದೇ ಎಲ್ಲರೂ ತಿಳಿದರು. ಅವರು ಬಾಗಿಲ ಕಡೆಗೆ ಹೋಗಲಿಲ್ಲ. ಪಂಚೆಯ ಪಕ್ಕದಿಂದ ಬಳಸಿ ಅದರ ಹಿಂದೆ ಹೋದರು.

“ಶ್ಯಾಮಲಮ್ಮ, ಬಾ ಇಲ್ಲಿ,” ಎಂದು ಅಲ್ಲಿಂದ ಕೂಗಿದರು.

ಶ್ಯಾಮಲಮ್ಮ ಹೋದರು. ತೆಳ್ಳನೆಯ ಬಟ್ಟೆಯ ಮೇಲೆ ಹಿಂದಿನಿಂದಲೂ ಚಿತ್ರ ಅಷ್ಟೇ ಸ್ಪಷ್ಟ. ಬಾಗಿಲು ಎಡಕ್ಕೆ. ಮೆಟ್ಟಿಲು ಬಲಕ್ಕೆ. ದೊರೆ ಮತ್ತೊಬ್ಬ ಹುಡುಗಿಯ ಕತ್ತಿಗೆ ಬಾಗಿದ, ಎಡಗಡೆಗೆ. ಎಲ್ಲವೂ ಬೇಸಿನ್ನಿನ ಮುಂದೆ ಕೇಳಿದ ಹಾಗೆಯೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಪಂಚೆಯ ಆಚೆಯಿಂದ ಶ್ಯಾಮಲಮ್ಮನವರ ದನಿ ಬಂತು. “ಸುಳ್ಳಲ್ಲ ಕಣ್ರೇ! ಅಕ್ಕಯ್ಯ ಹೇಳಿದ್ದು ಹಂಗಂಗೇ ಐತೆ. ಈ ಕಡೆಯಿಂದ ನೋಡಿದ್ರೆ.”

ಆಮೇಲೆ ಅವರೇ ಕೇಳಿದರು, ದನಿ ಇಳಿಸಿ. “ಅಲ್ಲ ಅಕ್ಕಯ್ಯ, ನೀನ್ಯಾಕೆ ಈ ಕಡೆ ಕೂತಿದ್ದೆ?”

“ನಮ್ಮನ್ನ ಕೂರ್ಸಿದ್ದೇ ಈ ಕಡೆ,” ಎಂದರು ಗಂಗುಲಮ್ಮ. “ಊರೋರು ತೆರೆ ಮುಂದೆ, ನಮ್ ಕೇರಿ ತೆರೆ ಹಿಂದೆ. ಟಿಕೇಟು ಅದೇ, ಜಾಗ ಬೇರೆ. ಸಿನಿಮಾ ಅಂದ್ರೆ ಹಿಂಗೇ ಇರ್ತದೆ ಅಂದ್ಕೊಂಡಿದ್ದೆ. ಈವಾಗ್ಲೇ ನಂಗೂ ಗೊತ್ತಾಗಿದ್ದು.”

ಬಾವಿ ಬೇರೆ, ಹೋಟೆಲಿನ ಲೋಟ ಬೇರೆ, ಸುಡುಗಾಡು ಬೇರೆ ಎಂದು ನಮಗೆಲ್ಲ ಗೊತ್ತು. ಬರೆದಿದ್ದೇವೆ, ಓದಿದ್ದೇವೆ, ಘೋಷಣೆ ಕೂಗಿದ್ದೇವೆ. ಒಂದು ಮಗುವಿನ ಕಣ್ಣೊಳಗಿನ ಚಿತ್ರದ ಎಡ ಬಲವನ್ನೂ ಈ ವ್ಯವಸ್ಥೆ ತಿರುಗಿಸಿಟ್ಟಿತ್ತು ಎಂಬುದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಯಾರು ಯಾವ ಕಡೆ ಕೂತಿದ್ದರು ಎಂಬುದಕ್ಕೆ ಸಾಕ್ಷಿಯಾಗಿ ಉಳಿದದ್ದು ಅಂದಿನ ಆ ಮಗು, ಗಂಗುಲಮ್ಮ, ಇಷ್ಟು ವರ್ಷ ಮುಟ್ಟಿ ತೋರಿಸುತ್ತ ಬಂದ ಎಡಗತ್ತು ಒಂದೇ.

ಮೊದಲು ಎದ್ದವಳು ತನುಜ. ಕುರ್ಚಿ ಎತ್ತಿಕೊಂಡು ತೆರೆಯ ಹಿಂದೆ ಹೋಗಿ ದೊಡ್ಡಮ್ಮನ ಪಕ್ಕ ಇಟ್ಟಳು. “ಸಾರಿ ದೊಡ್ಡಮ್ಮ” ಎಂದಳಂತೆ. “ಸಾರಿ ಆಮೇಲೆ, ಮೊದ್ಲು ಕುರ್ಚಿ ಈಚೆ ಹಾಕು, ದೊರೆ ಮಖ ಮರೆ ಆಗ್ತದೆ,” ಎಂದರು ಗಂಗುಲಮ್ಮ. ಹಿಂದೆಯೇ ಒಬ್ಬೊಬ್ಬರಾಗಿ ಶೆಡ್ಡಿನ ಹೆಂಗಸರೆಲ್ಲ ಬಂದರು. ಜಾಗ ಸಾಲದೆ ವೇದಿಕೆಯ ಮೆಟ್ಟಿಲ ಮೇಲೆ ಕೂತರು. ಗಂಗುಲಮ್ಮ ಗಂಟಲು ಸರಿಮಾಡಿಕೊಂಡರು. ದೊರೆ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಏನೋ ಕೇಳಿದ. ತೆರೆಯ ಹಿಂದಿನಿಂದ “ಲೋಪಲಿಕಿ ರಾವಚ್ಚಾ?” ಎಂದು ಬಂತು. ಹೆಂಗಸರೆಲ್ಲ ಒಟ್ಟಿಗೆ, “ಬರಬ್ಯಾಡ ಹೋಗಯ್ಯಾ!”

ಸಿನಿಮಾ ಮುಗಿದ ಮೇಲೆ ಮಧುಸೂದನ್ ಕೇಳಿದರು, ಮುಂದಿನ ಸಲ ಯಾವ ಸಿನಿಮಾ ಹಾಕೋಣ ಎಂದು. ಗಂಗುಲಮ್ಮನವರಿಗೆ ಸಿನಿಮಾದ ಬಗ್ಗೆ ಆಸೆಯೇನೂ ಇರಲಿಲ್ಲ, ಪಂಚೆಯ ಬಗ್ಗೆ ಇತ್ತು. “ಯಾವ್ದಾದ್ರೂ ಹಾಕ್ರಪ್ಪ. ಬಟ್ಟೆ ಮಾತ್ರ ಭವನದ ನಡುಮಧ್ಯಕ್ಕೆ ಕಟ್ಟಿ. ಈ ಕಡೆ ಅರ್ಧ ಜನ, ಆ ಕಡೆ ಅರ್ಧ ಜನ. ಅರ್ಧ ಸಿನಿಮಾ ಆದ್ಮೇಲೆ ಎದ್ದು ಕಡೆ ಬದ್ಲಾಯಿಸ್ಲಿ. ಎರಡು ಕಡೆನೂ ಹೆಂಗೆ ಕಾಣ್ತದೆ ಅಂತ ಎಲ್ರಿಗೂ ಗೊತ್ತಾಗ್ಲಿ.”

ಸೋಮವಾರದಿಂದ ಶೆಡ್ಡಿನಲ್ಲಿ ಕಥೆ ಮತ್ತೆ ಮೊದಲಿನಿಂದ ಶುರುವಾಗಿದೆ. ದೊರೆ ಎಡಗಡೆಗೇ ಕಚ್ಚುತ್ತಾನೆ, ತೆಲುಗೇ ಮಾತಾಡುತ್ತಾನೆ. ತಿದ್ದುಪಡಿ ಏನೂ ಇಲ್ಲ. ಇವತ್ತು ಅವನು ಬಾಗಿಲಿಗೆ ಬಂದು ನಿಂತಿದ್ದಾನೆ. ಬಾಗಿಲು ತೆರೆದಿದೆ. ಅಷ್ಟರಲ್ಲಿ ತನುಜಳ ಎಳೆ ಪಟಕ್ಕನೆ ಕಡಿಯುತ್ತದೆ. ಸಾಲಿಗೆ ಸಾಲೇ ಅವಳ ಮೇಲೆ ಬೀಳುತ್ತದೆ. “ಹುಡ್ಕೇ ಬೇಗ! ಪಾಪ, ಎಷ್ಟೊತ್ತಿಂದ ಬಾಗ್ಲಲ್ಲೇ ನಿಂತವ್ನೆ!”

ಗಂಗುಲಮ್ಮ ಬಿಸಿನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಶ್ಯಾಮಲಮ್ಮನವರ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿಯುತ್ತಾರೆ.

“ನಿಧಾನಕ್ಕೆ ಹುಡುಕಮ್ಮ,” ಎನ್ನುತ್ತಾರೆ. “ನಿಂತಿರ್ಲಿ ಬಿಡು. ನಾವು ನಿಂತಿರ್ಲಿಲ್ವಾ?”